ಸಣ್ಣ ಕಾರಿನಲ್ಲಿ ಕಲಬುರಗಿಯಿಂದ ಸ್ಪಿತಿಗೆ: ನನ್ನ ಅನುಭವ

ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಗಾಡಿ ಇಲ್ಲದೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಡ ಎಂದವರೇ ಜಾಸ್ತಿ. ನಮ್ಮ ಗ್ಯಾರೇಜ್ ಕಾಕಾ ಅಂತೂ, "ಈ ಗಾಡಿ ಅಲ್ಲಿ ಏರಂಗಿಲ್ರೀ, ಸುಮ್ನೆ ರೊಕ್ಕ ಹಾಳು" ಎಂದಿದ್ದರು. ಏರಿತು. 1,200 ಸಿಸಿ ಪೆಟ್ರೋಲ್ ಕಾರು, ನಾಲ್ಕು ಜನ, ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಪಾಸ್ (ಸ್ಪಿತಿಗೆ ಮನಾಲಿ ಕಡೆಯ ಘಾಟಿ). ಎಸಿ ಬಂದ್, ಫಸ್ಟ್ ಗೇರ್, ಅಷ್ಟೇ.

ಹಿಂದಿನ ಸಲ ಒಬ್ಬ ಏಜೆಂಟ್ ಮನಾಲಿ ಕಡೆಯಿಂದ ಪ್ಲಾನ್ ಹಾಕಿಕೊಟ್ಟಿದ್ದ. ದಾರಿ ಹತ್ತಿರ, ನಿಜ. ಆದರೆ 2,000 ಮೀಟರಿನ ಮನಾಲಿಯಲ್ಲಿ ಮಲಗಿದವರನ್ನು ಮರುರಾತ್ರಿಯೇ 4,200 ಮೀಟರಿನ ಚಂದ್ರತಾಲ್ ಸರೋವರದ ಬಳಿಯ ಟೆಂಟಿನಲ್ಲಿ ಮಲಗಿಸಿದರೆ? ನಾವು 450 ಮೀಟರಿನ ಊರಿನವರು. ರಾತ್ರಿಯಿಡೀ ತಲೆನೋವು, ವಾಂತಿ. ಬೆಳಗಾಗುತ್ತಲೇ ಕೆಳಗಿಳಿದೆವು. ಮುಂಗಡ ಕೊಟ್ಟ 18 ಸಾವಿರ ಇವತ್ತಿಗೂ ವಾಪಸ್ ಬಂದಿಲ್ಲ.

ಈ ಸಲ ಉಲ್ಟಾ ಹೊಡೆದೆ. ಸೆಪ್ಟೆಂಬರ್ ಕೊನೆಯಲ್ಲಿ ಶಿಮ್ಲಾ ಕಡೆಯಿಂದ ಹೊರಟು ದಾರಿ ಮಧ್ಯದ ಕಲ್ಪಾದಲ್ಲಿ ಒಂದಿಡೀ ದಿನ ಕೂತೆವು. 3,660 ಮೀಟರಿನ ನಾಕೋದಲ್ಲಿ ಚಹಾ ಕುಡಿದು, ಕೆಳಗಿರುವ ತಾಬೋದಲ್ಲಿ ಮಲಗಿದೆವು. ಅಲ್ಲಿನ ಬೌದ್ಧ ಮಠ ಕ್ರಿ.ಶ. 996ರದು, ನೋಡಲೇಬೇಕು. ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ಹೋಗುವಷ್ಟರಲ್ಲಿ ಮೈ ಎತ್ತರಕ್ಕೆ ಹೊಂದಿಕೊಂಡಿತ್ತು. ಒಂದೂ ಮಾತ್ರೆ ಬೇಕಾಗಲಿಲ್ಲ.

ಕಾಜಾದಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ಕುಂಜುಮ್ ದಾಟಲು ಅದರ ಬುಡದ ಹಳ್ಳಿ ಲೋಸರ್‌ನಿಂದ ನಸುಕಿಗೇ ಹೊರಡಿ, ಬಿಸಿಲೇರಿದರೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳು ತುಂಬುತ್ತವೆ. ಪಾಸ್ ಆಚೆಯ ಬಾತಲ್ ದಾಟಿದ ಮೇಲೆ ರಸ್ತೆ ಅಂದರೆ ಬರೀ ಕಲ್ಲು. ಒಂದು ಹಳ್ಳದಲ್ಲಿ ನನ್ನ ತಮ್ಮ ಪ್ಯಾಂಟ್ ಮಡಚಿ ಇಳಿದು ನೋಡಿದ. ನೀರು ಮೀನಖಂಡದ ಅರ್ಧಕ್ಕಿತ್ತು. ಮೂವರನ್ನೂ ಇಳಿಸಿ, ಗೇರ್ ಬದಲಿಸದೆ, ಎಕ್ಸಿಲೇಟರ್ ಬಿಡದೆ ದಾಟಿಸಿದೆ. ನೀರಿಗಿಳಿಯುವ ಮುಂಚೆ ಬಾನೆಟ್ ತೆಗೆದು ಒಂದು ಸಣ್ಣ ಕೆಲಸ ಮಾಡಿದ್ದೆ. ಅದನ್ನು ಗಾಡಿ ತೋರಿಸಿಯೇ ಹೇಳಬೇಕು, ಇಲ್ಲಿ ಬೇಡ.

ಊರಿನ ತೊಗರಿ ಬೇಳೆ ಒಯ್ದಿದ್ದೆ. ಕಾಜಾದ ಹೋಮ್‌ಸ್ಟೇಯಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಲು ನೋಡಿದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 88 ಡಿಗ್ರಿಗೇ ಕುದಿಯುತ್ತದೆ. ಎರಡು ತಾಸಾದರೂ ಬೇಳೆ ಕಾಳುಕಾಳಾಗಿಯೇ ಇತ್ತು. ಆ ಮನೆಯ ಅಮ್ಮ ನಕ್ಕು ಕುಕ್ಕರ್ ಕೊಟ್ಟರು. ಶೇಂಗಾ ಹಿಂಡಿಯ ಪ್ಯಾಕೆಟ್ ಕೂಡ ಅದೇ ಕಾರಣಕ್ಕೆ ಬಲೂನಿನಂತೆ ಉಬ್ಬಿತ್ತು. ಕಡಕ್ ರೊಟ್ಟಿಗೆ ಮಾತ್ರ ಏನೂ ಆಗಲಿಲ್ಲ.

ಖರ್ಚು? ಹೋಗಿ ಬರಲು 5,000 ಕಿಲೋಮೀಟರ್ ಹತ್ತಿರ. ಪೆಟ್ರೋಲ್ 32 ಸಾವಿರ ಇರಬೇಕು, ಟೋಲ್ 8 ಸಾವಿರ. ಊಟ, ರೂಮ್ ಎಲ್ಲಾ ಸೇರಿ ತಲಾ 22 ಸಾವಿರದ ಆಸುಪಾಸು. ಏಜೆಂಟ್ ತಲಾ 38 ಸಾವಿರ ಕೇಳಿದ್ದ, ಅದೂ ದೆಹಲಿಯಿಂದ.