ಎರಡೇ ಮೈಕು, ರಾತ್ರಿ ಹನ್ನೊಂದರ ಮೇಲೆ ಗ್ರೌಪ್ನರ್

ಹಳೆಯ ಜರ್ಮನ್ ಸಂಗೀತಕಾರ ಗ್ರೌಪ್ನರ್ ಕೃತಿಗಳ ನಮ್ಮ ಆಲ್ಬಂ ಕೊನೆಗೂ ಹೊರಬಂತು. ಎರಡು ಮೈಕಿನಲ್ಲಿ ಇದು ಆಗಲ್ಲ ಅಂದವರೇ ಈಗ ಸೆಟಪ್ ಫೋಟೋ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುತ್ತಾ ಕೂರುವ ಬದಲು ಒಮ್ಮೆಗೇ ಬರೆದುಬಿಡುತ್ತೇನೆ.

ಕ್ರಿಸ್ಟೋಫ್ ಗ್ರೌಪ್ನರ್ ಯಾರು ಅನ್ನುವವರಿಗೆ ನಾಲ್ಕು ಮಾತು. 1723ರಲ್ಲಿ ಲೈಪ್‌ಜಿಗ್ ನಗರದ ಚರ್ಚ್ ಸಂಗೀತ ನಡೆಸುವ ಕೆಲಸಕ್ಕೆ ಹೆಸರಾಂತ ಬಾಖ್‌ಗಿಂತ ಮೊದಲು ಇವರನ್ನು ಆರಿಸಿದ್ದರು. ಇವರು ಆಗ ಕೆಲಸಕ್ಕಿದ್ದ ಜರ್ಮನಿಯ ಡಾರ್ಮ್‌ಸ್ಟಾಟ್ ಆಸ್ಥಾನದ ದೊರೆ ಬಿಡಲಿಲ್ಲ. ಸಂಬಳ ಏರಿಸಿ ಉಳಿಸಿಕೊಂಡ. ಕೆಲಸ ಬಾಖ್‌ಗೆ ಹೋಯಿತು. 1760ರಲ್ಲಿ ಇವರು ತೀರಿಕೊಂಡ ಮೇಲೆ ಹಸ್ತಪ್ರತಿ ಯಾರದ್ದು ಅಂತ ಮನೆಯವರಿಗೂ ಅರಮನೆಗೂ ವ್ಯಾಜ್ಯ ಬಿತ್ತು. ಆ ವ್ಯಾಜ್ಯದ ಪುಣ್ಯದಿಂದಲೇ ಎಲ್ಲ ಒಂದೇ ಕಡೆ ಉಳಿಯಿತು. ಸುಮಾರು 1400 ಕಾಂಟಾಟಾಗಳು (ಹಾಡು, ವಾದ್ಯ ಎರಡೂ ಇರುವ ಕೃತಿಗಳು) ಡಾರ್ಮ್‌ಸ್ಟಾಟ್ ಗ್ರಂಥಾಲಯದಲ್ಲಿ ಭದ್ರವಾಗಿವೆ. ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ನಾವು ನುಡಿಸಿದ್ದು ಆ ಸ್ಕ್ಯಾನ್‌ಗಳನ್ನು ಪ್ರಿಂಟ್ ಹಾಕಿಕೊಂಡೇ. ಅಚ್ಚಾದ ಸ್ವರಪ್ರತಿಯ ಬಾಡಿಗೆ ಉಳಿಯಿತು.

ನಾನು ಮೊದಲು ಮೈಸೂರಿನಲ್ಲಿ ವೀಣೆ ಕಚೇರಿ ರೆಕಾರ್ಡ್ ಮಾಡುತ್ತಿದ್ದವನು. ಈಗ ಡಾರ್ಮ್‌ಸ್ಟಾಟ್ ಹತ್ತಿರ ಇದ್ದೇನೆ. ಇಲ್ಲಿಯ ಒಂದು ಚಿಕ್ಕ ತಂಡ ಮೂರು ಶಲುಮೋಗೆ ಬರೆದ ಸೂಟ್ (ಚಿಕ್ಕ ಚಿಕ್ಕ ಭಾಗಗಳ ವಾದ್ಯಕೃತಿ) ಒಂದನ್ನು, ಜೊತೆಗೆ ಸೊಪ್ರಾನೊ ಗಾಯಕಿ, ಅಂದರೆ ಮೇಲಿನ ದನಿಯವರು, ಹಾಡುವ ಒಂದು ಕಾಂಟಾಟಾವನ್ನು ತಯಾರು ಮಾಡಿಕೊಂಡಿತ್ತು. ಶಲುಮೋ ಅಂದರೆ ಕ್ಲಾರಿನೆಟ್‌ನ ಅಜ್ಜ. ದನಿ ಬಲು ಮೆತ್ತಗೆ. ಒಂದು ಲೇಬಲ್‌ನವರು ನೇರವಾಗೇ ಹೇಳಿದರು: ಗ್ರೌಪ್ನರ್ ಸಂಗೀತ ಯಾರು ಕೇಳುತ್ತಾರೆ, ಎಲ್ಲರಿಗೂ ಗೊತ್ತಿರುವ ವಿವಾಲ್ಡಿ ಇದ್ದರೆ ತನ್ನಿ. ಹಾಗಾಗಿ ಖರ್ಚೆಲ್ಲ ನಮ್ಮದೇ.

ಮೊದಲ ಸೆಷನ್ ಹಗಲಲ್ಲಿ. ಎಲ್ಲರೂ ಹೇಳಿದ ಹಾಗೆ ಪ್ರತಿ ವಾದ್ಯಕ್ಕೂ ಹತ್ತಿರದಲ್ಲೇ ಒಂದು ಸ್ಪಾಟ್ ಮೈಕ್, ಮೇಲೆ ಒಂದು ಮುಖ್ಯ ಜೋಡಿ. ಹತ್ತು ಹನ್ನೆರಡು ಟ್ರ್ಯಾಕ್ ಆಯಿತು. ಎಲ್ಲ ಹಾಳು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ ಇಲ್ಲೇ ಪಕ್ಕದಲ್ಲಿದೆ ನೋಡಿ. ನಿಧಾನದ ಭಾಗ ಶುರುವಾದರೆ ಸಾಕು, ಮೇಲೊಂದು ವಿಮಾನ. ಆ ಗುಡುಗುಡು ಇರುವ ಜಾಗದಲ್ಲೇ ವಿಯೋಲೋನೆ ಎಂಬ ದೊಡ್ಡ ತಂತಿವಾದ್ಯದ ಕೆಳಗಿನ ಸ್ವರಗಳೂ ಇರುತ್ತವೆ. ಲೋ ಕಟ್ ಹಾಕಿ ತಗ್ಗಿನ ಸದ್ದು ಕತ್ತರಿಸಿದರೆ ಎರಡೂ ಹೋಗುತ್ತವೆ. ಸದ್ದು ಅಳಿಸುವ ಸಾಫ್ಟ್‌ವೇರ್ ಹಾಕಿದರೆ ಚರ್ಚಿನ ಅನುರಣನವನ್ನೇ ಅದು ತಿಂದುಹಾಕುತ್ತದೆ. ಸ್ಪಾಟ್ ಮೈಕ್ ಏರಿಸಿದರೆ ಶಲುಮೋದ ಸ್ವರಕ್ಕಿಂತ ಕೀಲಿಯ ಟಕಟಕವೇ ಜಾಸ್ತಿ. ವಾದಕರ ಸಂಭಾವನೆ, ಹಾರ್ಪ್ಸಿಕಾರ್ಡ್ (ಪಿಯಾನೋದಂಥ, ತಂತಿ ಮೀಟುವ ಹಳೆಯ ವಾದ್ಯ) ಸಾಗಣೆ, ಬಾಡಿಗೆ ಮೈಕು ಸೇರಿ ಎರಡೂವರೆ ಸಾವಿರ ಯೂರೋ ಹತ್ತಿರ ಕೈಬಿಟ್ಟಿತು.

ಫ್ರಾಂಕ್‌ಫರ್ಟಿನಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರ ತನಕ ವಿಮಾನ ಹಾರಾಟಕ್ಕೆ ನಿರ್ಬಂಧ ಇದೆ. ಊರಿಗೆಲ್ಲ ಗೊತ್ತಿರುವ ವಿಷಯ, ಆದರೂ ಅದನ್ನು ನೆಚ್ಚಿಕೊಂಡು ಯಾರೂ ಸೆಷನ್ ಇಡುವುದಿಲ್ಲ. ಚಳಿ, ನಿದ್ದೆ, ಜಾಸ್ತಿ ಸಂಭಾವನೆ, ಹೀಗೆ ಏನೇನೋ ಕಾರಣ. ನಾನು ಇಲ್ಲೇ ಹತ್ತಿರದ ಓಡನ್‌ವಾಲ್ಡ್ ಗುಡ್ಡಗಾಡಿನ ಕಡೆಯ ಒಂದು ಹಳ್ಳಿ ಚರ್ಚ್ ಹಿಡಿದೆ. ರಾತ್ರಿಗೆ ಇನ್ನೂರು ಯೂರೋ ಒಳಗೆ ಕಾಣಿಕೆ. ಚರ್ಚಿನ ಗಂಟೆ ನೋಡಿಕೊಳ್ಳುವವರು ಕಾಲು ಗಂಟೆಗೊಮ್ಮೆ ಬೀಳುವ ಹೊಡೆತವನ್ನು ನಿಲ್ಲಿಸಿಕೊಟ್ಟರು. ಅವರಿಗೆ ಒಂದು ಡಬ್ಬಿ ಮೈಸೂರು ಪಾಕ್.

ಹೀಟರ್ ಫ್ಯಾನ್ ಸದ್ದು ಮಾಡುತ್ತದೆ. ಆದ್ದರಿಂದ ಹತ್ತೂವರೆ ತನಕ ಬಿಸಿ ಮಾಡಿ ಆರಿಸುವುದು. ಆಮೇಲೆ ಚಳಿ ನಿಧಾನಕ್ಕೆ ಏರುತ್ತದೆ. ಲೋಹದ ತಂತಿ ಕುಗ್ಗಿ ಹಾರ್ಪ್ಸಿಕಾರ್ಡ್ ಶ್ರುತಿ ಏರುತ್ತದೆ. ಗಾಳಿವಾದ್ಯ ಮಾತ್ರ ತಣ್ಣಗಾದಷ್ಟೂ ಇಳಿಯುತ್ತದೆ. 415 ಹರ್ಟ್ಸ್ ಶ್ರುತಿಗೆ ಸೇರಿಸಿದ್ದು ಒಂದು ಗಂಟೆಯಲ್ಲೇ ಬೇರೆ ಬೇರೆ ಊರಿಗೆ ಹೊರಟಿರುತ್ತದೆ. ನಾನು ಕೂತು ಸರಿ ಮಾಡುತ್ತಿದ್ದೆ, ಆ್ಯಪ್ ಇಲ್ಲದೆ. ತಂಬೂರಿ ಸೇರಿಸಿ ಬೆಳೆದ ಕಿವಿ, ಸ್ವಲ್ಪ ಜಂಬ ಇದ್ದರೆ ಇರಲಿ. ಪಿಟೀಲಿಗೆ ಹಾಕುವ ಗಟ್ (ಪ್ರಾಣಿಯ ಕರುಳಿನ) ತಂತಿಯ ಕಥೆ ಬೇರೆ. ಥಂಡಿಗೆ ಎಳೆ ಬಿಡುತ್ತದೆ. ಪಿಟೀಲಿನ ಇ ತಂತಿ ಟೇಕ್ ನಡುವೆಯೇ ಪಟ್ ಅಂದಿದೆ. ಆ ಟೇಕ್ ಚೆನ್ನಾಗಿತ್ತು ಅನ್ನುವುದೇ ಹೊಟ್ಟೆ ಉರಿ.

ಇನ್ನು ಮುಖ್ಯ ವಿಷಯ. ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಎರಡು ಆಮ್ನಿ ಮೈಕ್, ಒಂದೇ ಸ್ಟ್ಯಾಂಡು. ಮಿಕ್ಸಿಂಗ್, ಅಂದರೆ ದನಿಗಳ ಹದ, ಮಾಡುವುದು ಕುರ್ಚಿಗಳು. ಹಾರ್ಪ್ಸಿಕಾರ್ಡಿನ ಮುಚ್ಚಳ ತೆಗೆದು ನಡುವೆ ಇಟ್ಟೆ. ಶಲುಮೋ ಮೂವರು ಮುಂದೆ. ಪಿಟೀಲು, ವಿಯೋಲ ಅರ್ಧಚಂದ್ರದಲ್ಲಿ ಹಿಂದೆ. ಸೊಪ್ರಾನೊ ಅದಕ್ಕೂ ಹಿಂದೆ, ಮೆಟ್ಟಿಲ ಮೇಲೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಒಬ್ಬೊಬ್ಬರನ್ನೇ ಸರಿಸುವುದು. ಎರಡನೇ ಶಲುಮೋ ಒಂದು ಗೇಣು ಬಲಕ್ಕೆ ಬಂದ ಕೂಡಲೇ ಮೂರೂ ದನಿ ಬಿಡಿಬಿಡಿಯಾಗಿ ಕೇಳಿದವು. ಕಲ್ಲು ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಹಾಕಿದೆ. ಇದಕ್ಕೇ ಮೊದಲ ರಾತ್ರಿ ಪೂರ್ತಿ ಹೋಯಿತು, ಒಂದು ಟೇಕ್ ಕೂಡ ಆಗಲಿಲ್ಲ. ಪಿಟೀಲಿನವರೊಬ್ಬರು ಗೊಣಗಿದರು. ಮಾರನೇ ರಾತ್ರಿ ಪ್ಲೇಬ್ಯಾಕ್ ಕೇಳಿದ ಮೇಲೆ ತಾವೇ ಕುರ್ಚಿ ಸರಿಸಿಕೊಳ್ಳತೊಡಗಿದರು.

ಮೈಕ್ ಎತ್ತರ ಎಷ್ಟು ಅಂತ ತುಂಬಾ ಜನ ಕೇಳಿದ್ದಾರೆ. ಅದನ್ನು ಹೇಳಲ್ಲ. ಹಾರ್ಪ್ಸಿಕಾರ್ಡಿನ ಕೆಳಗೆ ಏನು ಹಾಸಿದ್ದೆ ಅನ್ನುವುದನ್ನೂ ಹೇಳಲ್ಲ. ಫೋಟೋದಲ್ಲಿ ಹುಡುಕಬೇಡಿ, ಅದನ್ನು ತೆಗೆದೇ ಫೋಟೋ ಹೊಡೆದದ್ದು.

ಸುಮ್ನೆ ಮಾಡಿ ನೋಡಿದ ಒಂದೆರಡು ಪ್ರಯೋಗಗಳೂ ಇವೆ. ಸೂಟಿಗೆ ಕ್ವಾರ್ಟರ್ ಕಾಮಾ ಮೀನ್‌ಟೋನ್ ಎಂಬ ಹಳೆಯ ಶ್ರುತಿಕ್ರಮ ಹಾಕಿದೆ. ಒಳ್ಳೆ ತಂಬೂರಿಯಲ್ಲಿ ತಾನಾಗಿ ಏಳುವ ಗಾಂಧಾರ ಇದೆಯಲ್ಲ, ಅದೇ ಇಲ್ಲಿ ಕಾರ್ಡಿನೊಳಗೆ (ಒಟ್ಟಿಗೆ ನುಡಿಸುವ ಸ್ವರಗಳೊಳಗೆ) ಕೂರುತ್ತದೆ. ರೋಮಾಂಚನ! ಆದರೆ ಕಾಂಟಾಟಾದಲ್ಲಿ ಫ್ಲಾಟ್‌ಗಳು (ಅರ್ಧ ಸ್ವರ ಇಳಿಸಿದವು) ಜಾಸ್ತಿಯಾದ ಕೂಡಲೇ ಕಿವಿ ಮುಚ್ಚಿಕೊಳ್ಳಬೇಕು. ಕೊನೆಗೆ ವಲೊಟ್ಟಿ ಎಂಬ ಬೇರೆ ಶ್ರುತಿಕ್ರಮಕ್ಕೆ ಇಳಿದೆವು. ಹಾರ್ಪ್ಸಿಕಾರ್ಡಿನ ಒಂದು ಸಾಲು ತಂತಿಗೆ, ಮೀಟುವ ಡೆಲ್ರಿನ್ ಪ್ಲಾಸ್ಟಿಕ್ ತುಂಡು ತೆಗೆದು, ಕಾಗೆ ಗರಿ ಹಾಕಿಸಿದ್ದೂ ಆಯಿತು. ಗರಿಗೆ ಆಲಿವ್ ಎಣ್ಣೆ ಸವರಿದರೆ ಬಾಳಿಕೆ ಬರುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಎರಡು ಮೂರು ಮುರಿದವು. ದನಿ ಮಾತ್ರ ಮೆದು, ನನಗೆ ಇಷ್ಟ. ವಾದಕಿಗೆ ಇಷ್ಟವಾಗಲಿಲ್ಲ. ನುಡಿಸುವವರು ಅವರಲ್ವಾ, ಡೆಲ್ರಿನ್ ವಾಪಸ್ ಬಂತು.

ಲೆಕ್ಕ ಹೀಗೆ. ರಾತ್ರಿ ಸೆಷನ್‌ಗಳಿಗೆ ಒಟ್ಟು ನಾಲ್ಕು ಸಾವಿರ ಚಿಲ್ಲರೆ. ಐನೂರು ಸಿಡಿ ಒತ್ತಿಸಲು ಸಾವಿರದ ಆಸುಪಾಸು. ಎಡಿಟಿಂಗ್ ನಾನೇ, ಮಿಕ್ಸಿಂಗ್ ಖರ್ಚು ಸೊನ್ನೆ. ಮುನ್ನೂರಕ್ಕೂ ಜಾಸ್ತಿ ಸಿಡಿ ಹೋಗಿವೆ, ಹೆಚ್ಚಿನವು ಸಂಗೀತ ಕಚೇರಿ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ. ಸ್ಟ್ರೀಮಿಂಗ್ ದುಡ್ಡು ಕಾಫಿಗೂ ಸಾಲದು. ಹಾಕಿದ್ದು ಪೂರ್ತಿ ಬಂದಿಲ್ಲ, ಮುಕ್ಕಾಲು ಬಂದಿದೆ.

ವಿವಾಲ್ಡಿ ಕೇಳಿದ್ದ ಲೇಬಲ್‌ನವರು ಮೊನ್ನೆ ಮೇಲ್ ಹಾಕಿದ್ದಾರೆ. ವಿತರಣೆ ಮಾಡುತ್ತೇವೆ, ಬಿಡಿ ಟ್ರ್ಯಾಕ್‌ಗಳನ್ನು ಕಳಿಸಿ, ಸುತ್ತಲಿಂದ ಕೇಳಿಸುವ ಸರೌಂಡ್ ಮಿಕ್ಸ್ ಮಾಡಿಸುತ್ತೇವೆ ಅಂತ. ಇರುವುದೇ ಎರಡು ಅಂತ ಉತ್ತರ ಬರೆದೆ.

ಮುಂದಿನ ಆಲ್ಬಂ ಎಂಡ್ಲರ್ ಎಂಬ ಸಂಗೀತಕಾರರದ್ದು. ಡಾರ್ಮ್‌ಸ್ಟಾಟ್‌ನಲ್ಲಿ ಗ್ರೌಪ್ನರ್ ನಂತರ ಆ ಜಾಗಕ್ಕೆ ಬಂದವರು. ಅವರ ಸಿಂಫೋನಿಯಾ ಎಂಬ ವಾದ್ಯವೃಂದ ಕೃತಿಗಳಲ್ಲಿ ಟ್ರಂಪೆಟ್, ಟಿಂಪನಿ (ನಗಾರಿಯಂಥ ವಾದ್ಯ) ಎರಡೂ ಇವೆ. ಅದಕ್ಕಂತೂ ಎರಡು ಮೈಕು ಸಾಧ್ಯವೇ ಇಲ್ಲ ಅನ್ನುತ್ತಿದ್ದಾರೆ. ಟ್ರಂಪೆಟ್‌ನವರನ್ನು ಹೊರಬಾಗಿಲ ತನಕ ಹಿಂದೆ ತಳ್ಳಲು ಜಾಗ ಸಾಲುತ್ತದಾ ಅಂತ ಮೊನ್ನೆ ಟೇಪ್ ಹಿಡಿದು ಅಳೆದು ಬಂದೆ. ಸಾಲುತ್ತದೆ.