ಪಿಕಪ್‌ಗೆ ದೊಡ್ಡ ಡೀಸೆಲ್ ಟ್ಯಾಂಕ್ ಕೂರಿಸಿದ್ದು: ನನ್ನ ಅನುಭವ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ ಅಡಿಕೆ ಸಸಿಯ ನರ್ಸರಿ. ಮಂಗಳ, ಮೋಹಿತ್‌ನಗರ ತಳಿಯ ಸಸಿಗಳನ್ನು ಪಿಕಪ್‌ನಲ್ಲಿ ತರೀಕೆರೆ, ಚನ್ನಗಿರಿ ಕಡೆಗೆ ಮುಟ್ಟಿಸುದು ನನ್ನ ಕೆಲಸ. ಹಗಲು ಹೋದ್ರೆ ಬಿಸಿಲಿಗೂ ಗಾಳಿಗೂ ಎಲೆ ಸುಟ್ಟು ಹೋಗ್ತದೆ, ಹಾಗಾಗಿ ರಾತ್ರಿಯೇ ಟಾರ್ಪಾಲ್ ಕಟ್ಟಿ ಹೊರಡುದು, ಪೆರ್ಲ, ಅಡ್ಕಸ್ಥಳ, ವಿಟ್ಲ ದಾಟಿ ಉಪ್ಪಿನಂಗಡಿ ಆಗಿ ಚಾರ್ಮಾಡಿ ಘಾಟಿ ಹತ್ತುದು. ಕಂಪನಿ ಟ್ಯಾಂಕ್ 60 ಲೀಟರಿಗೂ ಕಮ್ಮಿ. ಲೋಡ್ ಹಾಕಿ ಘಾಟಿ ಹತ್ತಿದ್ರೆ ಮೈಲೇಜ್ ಎಷ್ಟು ಬೀಳ್ತದೆ ಅಂತ ಗಾಡಿ ಇದ್ದವರಿಗೆ ಗೊತ್ತುಂಟು, ಮೇಲಿಂದ ಅಲ್ಲಿ ತೋಟದಿಂದ ತೋಟಕ್ಕೆ ಸುತ್ತುದು ಬೇರೆ, ಡೀಸೆಲ್ ಮುಗಿಯುದು ಯಾವಾಗ್ಲೂ ಹಳ್ಳಿ ಪಂಪ್‌ನವರು ಲೈಟ್ ಆಫ್ ಮಾಡಿ ಮಲಗಿದ ಹೊತ್ತಿಗೇ.

ಇನ್ನೊಂದು ಕಾರಣ ಗಡಿಯವರಿಗೆಲ್ಲ ಗೊತ್ತಿರುದೇ. ಕೇರಳದಲ್ಲಿ ಡೀಸೆಲ್ ರೇಟ್ ಜಾಸ್ತಿ, 2023ರ ಏಪ್ರಿಲಿನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿತು. ತಲಪಾಡಿ ಗಡಿಯ ಆಚೆ ಕರ್ನಾಟಕದ ಪಂಪ್‌ಗಳಲ್ಲಿ ಕೆಎಲ್ 14, ಅಂದ್ರೆ ಕಾಸರಗೋಡು ನಂಬರಿನ ಗಾಡಿಗಳು ಸಾಲು ನಿಲ್ಲುದು ಇದೇ ಕಾರಣಕ್ಕೆ. 2025ರ ಏಪ್ರಿಲಿನಲ್ಲಿ ಕರ್ನಾಟಕದವರೂ 2 ರೂಪಾಯಿಯಷ್ಟು ಏರಿಸಿದ್ರು, ಅಂತರ ಕಮ್ಮಿ ಆಯ್ತು. ಅಂತರದ ಲೆಕ್ಕ ಒಂದನ್ನೇ ಹಿಡ್ಕೊಂಡು ಟ್ಯಾಂಕ್ ಹಾಕಿಸ್ತೇನೆ ಅಂತ ಹೊರಟ್ರೆ ಟ್ಯಾಂಕಿನ ದುಡ್ಡು ಹುಟ್ಟುವಾಗ ವರ್ಷಗಟ್ಟಲೆ ಆಗ್ತದೆ, ಅದು ಮೊದಲೇ ಹೇಳ್ತೇನೆ. ನನಗೆ ಬೇಕಾದ್ದು ರಾತ್ರಿ ಎಲ್ಲಿಯೂ ನಿಲ್ಲಿಸದೆ ಹೋಗಿ ಬರುದು.

ಊರಲ್ಲಿ ಕೇಳಿದ್ರೆ ಎಲ್ಲರೂ ಒಂದೊಂದು ಉಪಾಯ ಹೇಳುವವರೇ. ಹಿಂದೆ ಬಾಡಿಯಲ್ಲಿ ಒಂದು ಡ್ರಮ್ ಕಟ್ಟಿ ಪೈಪ್ ಇಳಿಸಿ ಅಂದ್ರು ಕೆಲವರು. ಬಾಡಿ ಇರುದು ಸಸಿಗೆ, ಅಲ್ಲಿ ಡೀಸೆಲ್ ಒಂದು ಲೋಟ ಚೆಲ್ಲಿದ್ರೂ ಬೇರಿಗೆ ಹೋದ ಸಸಿ ಮತ್ತೆ ಏಳುದಿಲ್ಲ. ಇರುವ ಟ್ಯಾಂಕನ್ನೇ ಕೊಯ್ದು ಶೀಟ್ ಸೇರಿಸಿ ವೆಲ್ಡ್ ಮಾಡುವ ಅಂದ ಒಬ್ಬ ವೆಲ್ಡರ್. ಇದನ್ನು ಮಾತ್ರ ದಯವಿಟ್ಟು ಯಾರೂ ಮಾಡ್ಬೇಡಿ. ಡೀಸೆಲ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುದಿಲ್ಲ ಅಂತ ಧೈರ್ಯ ಮಾಡ್ತಾರೆ, ಆದ್ರೆ ಖಾಲಿ ಮಾಡಿದ ಟ್ಯಾಂಕಿನ ಒಳಗೆ ಗೋಡೆಗೆ ಅಂಟಿದ ಡೀಸೆಲ್ ವೆಲ್ಡಿಂಗ್ ಬಿಸಿಗೆ ಆವಿಯಾಗಿ ಗಾಳಿ ಜೊತೆ ಸೇರಿದ್ರೆ ಸಿಡಿತದೆ, ಆ ಹೊತ್ತಿಗೆ ಎದುರು ಕೂತವ ಉಳಿಯುದು ಕಷ್ಟ.

ಕಂಪನಿ ಟ್ಯಾಂಕ್ ತೆಗೆದು ಅದೇ ಜಾಗಕ್ಕೆ ಕೂರುವ ದೊಡ್ಡ ಟ್ಯಾಂಕ್ ರೆಡಿಮೇಡ್ ಸಿಗ್ತದೆ. ಆಸ್ಟ್ರೇಲಿಯಾದಲ್ಲಿ ಊರಿಂದ ಊರಿಗೆ ನೂರಾರು ಕಿಲೋಮೀಟರ್ ಪಂಪ್ ಇಲ್ಲದ ಜಾಗ ಇರುದ್ರಿಂದ ಅಲ್ಲಿ ಇದು ದೊಡ್ಡ ಕಸುಬು. ನಾನು ಡೀಲರ್ ಮೂಲಕ ತರಿಸಿದ್ದು ಸುಮಾರು 120 ಲೀಟರಿನದ್ದು, ಅಲ್ಯುಮಿನೈಸ್ಡ್ ಸ್ಟೀಲ್, ಅಂದ್ರೆ ಉಕ್ಕಿನ ಮೇಲೆ ಅಲ್ಯುಮಿನಿಯಂ ಪದರ ಇರುವಂಥದ್ದು. ಒಳಗೆ ಅಡ್ಡ ತಟ್ಟೆಗಳು ಉಂಟು, ಬ್ಯಾಫಲ್ ಅಂತಾರೆ. ಅವು ಇಲ್ಲದಿದ್ರೆ ಚಾರ್ಮಾಡಿ ತಿರುವಿನಲ್ಲಿ ಅಷ್ಟೂ ಡೀಸೆಲ್ ಒಂದೇ ಬದಿಗೆ ನುಗ್ಗಿ ಗಾಡಿಯನ್ನು ಎಳಿತದೆ. ಇಲ್ಲೇ ಶೀಟ್ ತಂದು ಮಾಡಿಸ್ತೇನೆ ಅನ್ನುವವರು ಸತುವಿನ ಲೇಪ ಇರುವ ಜಿಐ ಶೀಟ್ ಮಾತ್ರ ಹಾಕಿಸ್ಬೇಡಿ, ಅದರ ಸತುವು ಡೀಸೆಲ್‌ನಲ್ಲಿರುವ ಆಮ್ಲದ ಜೊತೆ ಸೇರಿ ಸೋಪಿನಂಥ ಅಂಟು ಆಗ್ತದೆ, ಅದು ಹೋಗಿ ಕೂರುದು ಫಿಲ್ಟರಿನಲ್ಲಿ ಮತ್ತು ಇಂಜಿನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನಲ್ಲಿ. ಕಾಮನ್ ರೈಲ್ ಇಂಜೆಕ್ಟರ್ ರೇಟ್ ಕೇಳಿದವರಿಗೆ ನಾನು ಹೆಚ್ಚು ಹೇಳ್ಬೇಕಾಗಿಲ್ಲ. ತಾಮ್ರದ ಪೈಪೂ ಬೇಡ.

ಕಾನೂನಿನ ವಿಷಯ. ಗಾಡಿ ಬದಲಾಯಿಸುದರ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದಿಂದಲೇ ಹೋದ ಕೇಸಿನಲ್ಲಿ ತಯಾರಕರ ಸ್ಪೆಸಿಫಿಕೇಶನಿಗೆ ವಿರುದ್ಧ ಗಾಡಿ ಬದಲಾಯಿಸ್ಲಿಕ್ಕೆ ಇಲ್ಲ ಅಂತ ಹೇಳಿದೆ. ಅದಕ್ಕೇ ನಾನು ಮೊದಲು ಆರ್‌ಟಿಒ ಆಫೀಸಿಗೆ ಅರ್ಜಿ ಕೊಟ್ಟು, ಟ್ಯಾಂಕಿನ ಡ್ರಾಯಿಂಗ್ ತೋರಿಸಿ, ಬರಹದಲ್ಲಿ ಉತ್ತರ ತೆಕ್ಕೊಂಡು, ಇನ್ಶೂರೆನ್ಸಿನವರಿಗೂ ತಿಳಿಸಿ ಮತ್ತೆಯೇ ಸ್ಪ್ಯಾನರ್ ಹಿಡಿದದ್ದು. ಬಾಯಿಮಾತಿನ "ಎಂತ ಆಗುದಿಲ್ಲ ಮಾರಾಯ್ರೆ" ಕ್ಲೈಮಿನ ಹೊತ್ತಿಗೆ ನಿಲ್ಲುದಿಲ್ಲ.

ಇನ್ನು ಕೆಲಸ. ಹಳೆ ಟ್ಯಾಂಕ್ ರಿಸರ್ವಿಗೆ ಬರುವಷ್ಟು ಓಡಿಸಿ, ಉಳಿದದ್ದನ್ನು ಕ್ಯಾನಿಗೆ ಇಳಿಸಿ, ಬ್ಯಾಟರಿ ಬಿಚ್ಚಿ, ಚಕ್ರಕ್ಕೆ ಕಟ್ಟೆ ಕೊಟ್ಟು, ಟ್ಯಾಂಕಿನ ಅಡಿಗೆ ಹಲಗೆ ಇಟ್ಟು ಜಾಕ್ ಏರಿಸಿ ಹಿಡ್ಕೊಂಡು ಮತ್ತೆ ಬೋಲ್ಟ್ ಬಿಚ್ಚುದು. ಡೀಸೆಲ್ ಹಾಕುವ ಬಾಯಿಯ ಫಿಲ್ಲರ್ ಹೋಸ್, ಟ್ಯಾಂಕಿನ ಗಾಳಿ ಹೋಗಿ ಬರುವ ಬ್ರೀದರ್ ಪೈಪ್, ಇಂಜಿನಿಗೆ ಹೋಗುವ ಲೈನ್, ಇಂಜಿನಿನಿಂದ ವಾಪಸ್ ಬರುವ ರಿಟರ್ನ್ ಲೈನ್, ಗೇಜಿನ ವೈರ್, ಒಂದೊಂದಕ್ಕೂ ಟೇಪ್ ಅಂಟಿಸಿ ಹೆಸರು ಬರ್ದೆ, ಬಿಚ್ಚಿದ ಬಾಯಿಗಳಿಗೆ ಆಗಾಗ್ಲೇ ಬಟ್ಟೆ ಅಲ್ಲ, ಪ್ಲಾಸ್ಟಿಕ್ ಕ್ಯಾಪ್ ಹಾಕಿದೆ. ಬಟ್ಟೆಯ ನೂಲು ಒಳಗೆ ಹೋಗ್ತದೆ. ಹೊಸ ಟ್ಯಾಂಕಿನ ಒಳಗೆ ಟಾರ್ಚ್ ಹಾಕಿ ನೋಡಿ ವೆಲ್ಡಿಂಗ್ ಚೂರು ಉಂಟಾ ಅಂತ ಅಯಸ್ಕಾಂತ ಆಡಿಸಿ ತೆಗ್ದೆ.

ಟ್ಯಾಂಕ್ ಏರಿಸಿ ಬೋಲ್ಟ್ ಕೂತ ಮೇಲೆ ನೋಡ್ಬೇಕಾದ್ದು ಜಾಗ. ಹಿಂದಿನ ಚಕ್ರವನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿಗೆ, ಸೈಲೆನ್ಸರ್ ಪೈಪಿಗೆ, ಹಿಂದಿನ ಆಕ್ಸಲಿಗೆ ಎಲ್ಲದಕ್ಕೂ ಬೆರಳು ಎರಡು ಹೋಗುವಷ್ಟಾದ್ರೂ ಸಂದು ಬೇಕು, ಅದೂ ಖಾಲಿ ಗಾಡಿ ನಿಂತಾಗ ಅಲ್ಲ. ನಾವು ಬಾಡಿ ತುಂಬ ಕೆಂಪು ಕಲ್ಲು ಹೇರಿ ಲೀಫ್ ಸ್ಪ್ರಿಂಗ್ ಪೂರ್ತಿ ಕೂತ ಮೇಲೆ ಅಡಿಗೆ ಮಲಗಿ ನೋಡಿದ್ದು, ಮತ್ತೆ ಹಿಂದಿನ ಒಂದೊಂದೇ ಚಕ್ರವನ್ನು ಎತ್ತಿ ಇನ್ನೊಮ್ಮೆ ನೋಡಿದ್ದು. ಸೈಲೆನ್ಸರ್ ಬದಿಗೆ ಒಂದು ಹೀಟ್ ಶೀಲ್ಡ್ ಹೆಚ್ಚಿಗೆ ಕೊಟ್ಟೆ. ಟ್ಯಾಂಕಿನಿಂದಲೂ ಫಿಲ್ಲರ್ ನೆಕ್ಕಿನಿಂದಲೂ ಚಾಸಿಗೆ ಅರ್ತ್ ವೈರ್, ಸ್ಟ್ಯಾಟಿಕ್ ಕರೆಂಟ್ ಇಳಿದು ಹೋಗ್ಲಿಕ್ಕೆ, ಪೈಂಟ್ ಕೆರೆದು ಬರೀ ಲೋಹಕ್ಕೆ ಕೂರಿಸ್ಬೇಕು.

ಈಗ ಬ್ರೀದರ್. ನಾನು ಇಷ್ಟು ಬರೆಯುದೇ ಇದನ್ನು ಹೇಳ್ಲಿಕ್ಕೆ. ಟ್ಯಾಂಕ್ ಎಷ್ಟು ಒಳ್ಳೆದಿದ್ರೂ ಒಳಗಿನ ಗಾಳಿ ಹೊರಗೆ ಹೋಗುವ ದಾರಿ ಸರಿ ಇಲ್ಲದಿದ್ರೆ ಹಾಕಿಸಿದ್ದು ದಂಡ. 120 ಲೀಟರ್ ಡೀಸೆಲ್ ಒಳಗೆ ಬರ್ಬೇಕಾದ್ರೆ ಅಷ್ಟೇ ಗಾಳಿ ಹೊರಗೆ ಹೋಗ್ಬೇಕು, ಆ ಸಣ್ಣ ಪೈಪಿನಲ್ಲಿಯೇ. ಫಿಟ್ಟರ್ ಹುಡುಗ ಪೈಪ್ ಉದ್ದ ಉಂಟು ಅಂತ ಚಾಸಿಯ ಅಡಿಯಿಂದ ಒಂದು ಸುತ್ತು ತಂದು ಮೇಲೆ ಕೊಡ್ಲಿಕ್ಕೆ ಹೊರಟ, ನಾನು ಅಲ್ಲಿಯೇ ನಿಲ್ಲಿಸಿದೆ. ಪೈಪ್ ಎಲ್ಲಿಯಾದ್ರೂ ಒಮ್ಮೆ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋದ್ರೆ ಆ ಗುಂಡಿಯಲ್ಲಿ ಡೀಸೆಲ್ ನಿಲ್ತದೆ, ಗಾಳಿಗೆ ಬೂಚು ಹಾಕಿದ ಹಾಗೆ. ಆಗ ಪಂಪಿನ ಗನ್ 10 ಲೀಟರ್ ಆಗುವಾಗ ಟಕ್ ಅಂತ ಆಫ್, ಮತ್ತೆ ಒತ್ತಿದ್ರೆ ಮತ್ತೆ ಟಕ್, ನೊರೆ ಬಂದು ಬಾಯಿಯಿಂದ ಚೆಲ್ಲುದು, ಹಿಂದೆ ನಿಂತವರ ಹಾರ್ನ್. ಟ್ಯಾಂಕಿನ ಅತೀ ಎತ್ತರದ ಮೂಲೆಯಿಂದ ಶುರು ಆಗಿ ಫಿಲ್ಲರ್ ಬಾಯಿಗಿಂತ ಮೇಲೆ ಹೋಗುವವರೆಗೆ ಬರೀ ಏರ್ತಾ ಹೋಗ್ಬೇಕು, ಎಲ್ಲಿಯೂ ಇಳಿಲಿಕ್ಕೆ ಇಲ್ಲ. ಹೆಚ್ಚಾದ ಪೈಪನ್ನು ಕೊಯ್ದು ಬಿಸಾಡಿದೆವು, ಕ್ಲಿಪ್ ಹತ್ತಿರ ಹತ್ತಿರ ಹೊಡೆದೆವು. ತುದಿಯನ್ನು ಬಾಡಿಯ ಮರೆಯಲ್ಲಿ ಎತ್ತರಕ್ಕೆ ಕಟ್ಟಿ ಕೊನೆಯ ಗೇಣು ಮಾತ್ರ ಕೆಳಮುಖ, ನಮ್ಮ ಮಳೆಗೆ ಅಷ್ಟು ಬೇಕೇ ಬೇಕು. ಗಾಡಿ ಮಗುಚಿದ್ರೆ ಡೀಸೆಲ್ ಹೊರಗೆ ಬಾರದ ಹಾಗೆ ರೋಲ್‌ಓವರ್ ವಾಲ್ವ್ ಮಧ್ಯದಲ್ಲಿ, ನೆಟ್ಟಗೆ.

ಲೈನ್ ಜೋಡಿಸಿದ ಮೇಲೆ ಫಿಲ್ಟರ್ ಮೇಲಿನ ಕೈಪಂಪ್ ಗಟ್ಟಿ ಆಗುವವರೆಗೆ ಒತ್ತಿ ಗಾಳಿ ತೆಗ್ದು ಸ್ಟಾರ್ಟ್ ಮಾಡಿದ್ದು, ಆ ಕೆಲಸ ಸುಲಭ.

ಗೇಜ್ ವಿಷಯಕ್ಕೆ ತಾಳ್ಮೆ ಬೇಕು. ಡೀಸೆಲ್ ಮೇಲೆ ತೇಲಿ ಮಟ್ಟ ತಿಳಿಸುವ ಹಳೆ ಫ್ಲೋಟ್ ಹೊಸ ಆಕಾರದ ಟ್ಯಾಂಕಿನಲ್ಲಿ ಸರಿ ಲೆಕ್ಕ ಹೇಳುದಿಲ್ಲ, ಮುಳ್ಳು ತುಂಬ ಹೊತ್ತು ಫುಲ್ಲಿನಲ್ಲಿಯೇ ನಿಂತು ಮತ್ತೆ ಬೇಗ ಬೇಗ ಇಳಿತದೆ. ಇನ್ನೆಷ್ಟು ಕಿಲೋಮೀಟರ್ ಓಡ್ತದೆ ಅಂತ ಮೀಟರ್ ತೋರಿಸುದನ್ನಂತೂ ನಂಬ್ಲಿಕ್ಕಿಲ್ಲ, ಅದಕ್ಕೆ ಗೊತ್ತಿರುದು ಹಳೆ ಟ್ಯಾಂಕ್ ಮಾತ್ರ. ಪಂಪಿನಲ್ಲಿ ಜನ ಇಲ್ಲದ ಹೊತ್ತು ನೋಡಿ, ಗಾಡಿಯನ್ನು ಮಟ್ಟದ ಜಾಗದಲ್ಲಿ ನಿಲ್ಲಿಸಿ 10 ಲೀಟರ್ ಹಾಕಿಸುದು, ಕೀ ಆನ್ ಮಾಡಿ ಮುಳ್ಳು ಎಲ್ಲಿಗೆ ಬಂತು ನೋಡಿ ಬರೆಯುದು, ಮತ್ತೆ 10, ಹೀಗೆ ತುಂಬುವವರೆಗೆ. ಆ ಚೀಟಿ ಈಗಲೂ ಗ್ಲೋವ್ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿ ಉಂಟು, ಚೀಟಿ ನೋಡಿಯೇ ಹೊರಡುದು.

ಬಾಯಿವರೆಗೆ ತುಂಬಿಸುದು ಬೇಡ. ನೆಲದಡಿಯ ತಂಪು ಡೀಸೆಲ್ ತುಂಬಿಸಿ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ್ರೆ, 20 ಡಿಗ್ರಿ ಏರಿದ್ರೂ 120 ಲೀಟರಿಗೆ ಹತ್ತಿರ ಹತ್ತಿರ 2 ಲೀಟರ್ ಹಿಗ್ಗುತ್ತದೆ, ಅದಕ್ಕೆ ಹೋಗ್ಲಿಕ್ಕೆ ಜಾಗ ಬೇಕಲ್ಲ. ಮಳೆಗಾಲದಲ್ಲಿ ಉಲ್ಟಾ ತೊಂದರೆ: ದೊಡ್ಡ ಟ್ಯಾಂಕ್ ಅರ್ಧ ಖಾಲಿ ಇದ್ರೆ ಒಳಗಿನ ತೇವದ ಗಾಳಿ ರಾತ್ರಿ ತಂಪಿಗೆ ನೀರಾಗಿ ಅಡಿಗೆ ಇಳಿತದೆ, ಆ ನೀರಿನಲ್ಲಿ ಪಾಚಿಯಂಥ ಲೋಳೆ ಬೆಳಿತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಸುಮ್ಮನೆ ನಿಲ್ಲುದಾದ್ರೆ ಮುಕ್ಕಾಲಿಗಿಂತ ಮೇಲೆ ಇಡ್ತೇನೆ, ಅಡಿಯ ಡ್ರೈನ್ ಪ್ಲಗ್ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ನೋಡ್ತೇನೆ, ನೀರಿದ್ರೆ ಕೆಳಗೆ ಬೇರೆಯೇ ಕಾಣ್ತದೆ. ಟ್ಯಾಂಕನ್ನು ಹಿಡಿಯುವ ಸ್ಟ್ರಾಪ್ ಪಟ್ಟಿಯ ಬೋಲ್ಟ್‌ಗಳನ್ನು ಮೊದಲ ಲೋಡ್ ಮುಗಿಸಿ ಬಂದ ಕೂಡ್ಲೆ ಒಮ್ಮೆ ಬಿಗಿ ಮಾಡ್ಬೇಕು, ರಬ್ಬರ್ ಪಟ್ಟಿ ಅಮುಕಿ ಹೋಗಿ ಸಡಿಲ ಆಗಿರ್ತದೆ.

ಮತ್ತೆ ಭಾರ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಮ್, ಹೆಚ್ಚಿಗೆ ಬಂದ 60 ಲೀಟರಿಗೆ 50 ಕಿಲೋ, ಟ್ಯಾಂಕಿನದ್ದೂ ಹಳೆಯದಕ್ಕಿಂತ ಜಾಸ್ತಿ. ಅದನ್ನು ಪೇಲೋಡಿನಿಂದ, ಅಂದ್ರೆ ಗಾಡಿಗೆ ಹೇರಬಹುದಾದ ಭಾರದಿಂದ, ಕಳಿಯಲೇಬೇಕು, ಹಾಗಾಗಿ ಫುಲ್ ಟ್ಯಾಂಕ್ ಹೊರಡುವ ದಿನ ಕೊನೆಯ ಸಾಲಿನ ಸಸಿ ಹೇರುದಿಲ್ಲ, ಪಾರ್ಟಿಗೆ ಫೋನಿನಲ್ಲಿಯೇ ಅಷ್ಟು ಕಮ್ಮಿ ಬರ್ತದೆ ಅಂತ ಹೇಳಿಬಿಡ್ತೇನೆ.