ಎಡಗಡೆ ಅಂದರೆ ಯಾರ ಎಡಗಡೆ? ಪಾರ್ಟ್ ನಂಬರ್ ಓದಲು ನಾನು ಕಲಿತ ಬಗೆ

ಬೆಳಗಾವಿಯಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು ನನಗೀಗ ಹನ್ನೊಂದನೇ ವರ್ಷ. ಮೊದಲ ಎರಡು ವರ್ಷ ನಾನು ಪಾರ್ಟ್ ನಂಬರ್ ಓದುತ್ತಿರಲಿಲ್ಲ, ಬರೀ ನಕಲು ಮಾಡುತ್ತಿದ್ದೆ. ಮಿಸ್ತ್ರಿ ಹಳೇ ಸಾಮಾನು ತಂದು ಕೌಂಟರ್ ಮೇಲಿಟ್ಟರೆ ಅದರ ಮೇಲಿನ ಅಂಕಿ ಕಂಪ್ಯೂಟರಿಗೆ ಹೊಡೆಯುವುದು, ಸ್ಟಾಕ್ ತೋರಿಸಿದರೆ ಕೊಡುವುದು, ಇಲ್ಲದಿದ್ದರೆ ನಾಳೆ ಬಾ ಅನ್ನುವುದು. ಆ ಹತ್ತು ಅಂಕಿ ನನ್ನ ಪಾಲಿಗೆ ಲಾಟರಿ ಟಿಕೆಟ್ಟಿನ ನಂಬರ್ ಇದ್ದಂತೆ.

ನನ್ನ ಕಣ್ಣು ತೆರೆಸಿದ್ದು ಒಂದು ಹೆಡ್‌ಲೈಟ್ ಡೂಮ್, ಅಂದರೆ ಒಂದು ಕಡೆಯ ಇಡೀ ಹೆಡ್‌ಲೈಟ್. ಬೈಲಹೊಂಗಲದ ಮಿಸ್ತ್ರಿಯೊಬ್ಬರು ಫೋನ್ ಮಾಡಿ, “ತಮ್ಮಾ, ಐ10 ಗಾಡಿಗೆ ಲೆಫ್ಟ್ ಡೂಮ್ ಬೇಕಾಗೇತಿ, ಮಧ್ಯಾಹ್ನದ ಬಸ್ಸಿಗೆ ಹಾಕು” ಅಂದರು. ಲೆಫ್ಟ್ ಡೂಮನ್ನೇ ತೆಗೆದು, ಥರ್ಮಾಕೋಲ್ ಕಟ್ಟಿ, ಬಸ್ಸಿಗೆ ಹಾಕಿದೆ. ಸಂಜೆ ಮತ್ತೆ ಫೋನ್: “ಏನ್ ಕಳಿಸೀಯೋ ಇದು? ಕೂಡಾವಲ್ದು.”

ಆದದ್ದಿಷ್ಟು. ಮಿಸ್ತ್ರಿ ಬಾನೆಟ್ ಎದುರು ನಿಂತು, ಗಾಡಿಯ ಮುಖ ನೋಡುತ್ತ, ತಮ್ಮ ಎಡಗೈ ಕಡೆಯ ಡೂಮ್ ಹೇಳಿದ್ದರು. ಕಂಪನಿಯವರ ಲೆಕ್ಕದಲ್ಲಿ ಎಡ ಬಲ ಎಣಿಸುವುದು ಸೀಟಿನಲ್ಲಿ ಕೂತು ಮುಂದೆ ನೋಡುವವನ ಕಡೆಯಿಂದ. ಇದಕ್ಕೇ ನಮ್ಮ ಗ್ಯಾರೇಜಿನವರು ಬಲಕ್ಕೆ ‘ಡ್ರೈವರ್ ಸೈಡ್’, ಎಡಕ್ಕೆ ‘ಕ್ಲೀನರ್ ಸೈಡ್’ ಅನ್ನುವುದು. ಕಾರಿಗೆ ಕ್ಲೀನರ್ ಇಲ್ಲದಿದ್ದರೂ ಆ ಮಾತಿನಲ್ಲಿ ಗೊಂದಲವಿಲ್ಲ. ಅವತ್ತು ಅವರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಕ್ಲಿಪ್ ಬಿಚ್ಚಿ ಕೂಡಿಸಲು ನೋಡಿದ ಮಾಲನ್ನು ವಾಪಸ್ ಯಾರು ತಗೋತಾರೆ? ಮರುದಿನ ಅದೇ ಬಸ್ಸಿಗೆ ಡೂಮ್ ತಿರುಗಿ ಬಂತು. ಅರ್ಧ ನಷ್ಟ ಅವರದು, ಅರ್ಧ ನನ್ನದು. ಸಾವಕಾರರು ಬೈಯಲಿಲ್ಲ, ವಹಿಯಲ್ಲಿ ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ಡೂಮಿನ ಡಬ್ಬಿ ತಿರುಗಿಸಿ ನೋಡಿದೆ. ನಂಬರ್ 92101ರಿಂದ ಶುರುವಾಗಿತ್ತು. ಪಕ್ಕದ ರ‍್ಯಾಕಿನಲ್ಲಿದ್ದ ಬಲಗಡೆಯದು 92102. ಸೈಡ್ ಮಿರರ್ ಡಬ್ಬಿ ಇಳಿಸಿದೆ: ಎಡಕ್ಕೆ 87610, ಬಲಕ್ಕೆ 87620. ಎರಡು ವರ್ಷ ಕೈಯಲ್ಲಿ ಹಿಡಿದೇ ಓಡಾಡಿದ್ದೆ, ಒಂದು ದಿನವೂ ಓದಿರಲಿಲ್ಲ.

ಮುಂದಿನ ರವಿವಾರ ಹಳೇ ಬಿಲ್ಲುಗಳ ಗಂಟು ಬಿಚ್ಚಿ, ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಕೂತೆ. ಮಾಡಿದ್ದು ಒಂದೇ ಕೆಲಸ, ಮೊದಲ ಐದು ಅಂಕಿ ಒಂದೇ ಇದ್ದದ್ದನ್ನೆಲ್ಲ ಒಂದು ಕಡೆ ಬರೆದದ್ದು. ಹುಂಡೈ ಗಾಡಿ ಯಾವುದೇ ಇರಲಿ, 58101 ಅಂದರೆ ಮುಂದಿನ ಬ್ರೇಕ್ ಪ್ಯಾಡ್, 26300 ಆಯಿಲ್ ಫಿಲ್ಟರ್, 28113 ಏರ್ ಫಿಲ್ಟರ್, 97133 ಏಸಿ ಫಿಲ್ಟರ್. ಅಂದರೆ ಮೊದಲ ಐದು ‘ಇದು ಏನು’ ಅನ್ನುತ್ತದೆ. ನಡುವಿನ ಗೀಟಿನಾಚೆ ಬರುವ ಮೊದಲೆರಡು ಅಕ್ಷರ ಹೆಚ್ಚಾಗಿ ‘ಯಾವ ಗಾಡಿಯದು’ ಅನ್ನುತ್ತದೆ. ಹಳೇ ಐ10ಕ್ಕೆ 0ಎಕ್ಸ್, ಮೊದಲ ಐ20ಗೆ 1ಜೆ. ಕಡೆಯ ಮೂರು ಅದರ ಮಾದರಿ, ಬದಲಾವಣೆ. ಬಣ್ಣ ಇರುವ ಸಾಮಾನಾದರೆ ಹಿಂದೆ ಇನ್ನೆರಡು ಮೂರು ಅಕ್ಷರ ಬಾಲದಂತೆ ಬರುತ್ತವೆ. ಕಿಯಾ ಇದೇ ಮನೆತನದ್ದು, ಲೆಕ್ಕವೂ ಇದೇ.

ಮಾರುತಿಯಲ್ಲೂ ಮೊದಲ ಐದು ಸಾಮಾನಿನ ಹೆಸರೇ. 16510 ಆಯಿಲ್ ಫಿಲ್ಟರ್, 13780 ಏರ್ ಫಿಲ್ಟರ್, 55810 ಮುಂದಿನ ಪ್ಯಾಡ್. ಆಮೇಲೆ ಒಂದು ‘ಎಂ’, ಅದಾದ ಮೇಲೆ ಎರಡು ಅಂಕಿ ಒಂದು ಅಕ್ಷರದ ಮಾಡೆಲ್ ಕೋಡ್. ಹೋಂಡಾದಲ್ಲಿ ಐದು, ಮೂರು, ಮೂರು: 15400 ಆಯಿಲ್ ಫಿಲ್ಟರ್, 45022 ಮುಂದಿನ ಪ್ಯಾಡ್. ಟೊಯೊಟಾದಲ್ಲಿ ಮುಂದಿನ ಪ್ಯಾಡ್ 04465, ಹಿಂದಿನದು 04466. ಇನ್ನೋವಾ, ಫಾರ್ಚೂನರ್ ಸಾಮಾನಿನಲ್ಲಿ ಆಮೇಲೆ ‘0ಕೆ’ ಕಾಣುತ್ತಲೇ ಇರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಮಾತ್ರ ಉಲ್ಟಾ. ಅಲ್ಲಿ ಮೊದಲ ಮೂರು ಗಾಡಿಯದು, ಆಮೇಲೆ ಸಾಮಾನು. ನಡುವಿನ ಮೂರು 6ರಿಂದ ಶುರುವಾದರೆ ಗಾಲಿ, ಬ್ರೇಕು, 8 ಬಾಡಿ, 9 ಕರೆಂಟಿನ ಸಾಮಾನು. ಎಡ ಬಲ ಜೋಡಿ ಇದ್ದರೆ ಕಡೆಯ ಅಂಕಿ ಬೆಸ ಎಡಕ್ಕೆ, ಸಮ ಬಲಕ್ಕೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಾಶರು. ಆಯಿಲ್ ಬದಲಿಸುವಾಗ ಡ್ರೇನ್ ಬೋಲ್ಟಿಗೆ ಹಾಕುವ ಸಣ್ಣ ವಾಶರ್. ಸುಝುಕಿಯದು 09168-14015, ಟೊಯೊಟಾದ್ದು 90430-12031. ಗೀಟಿನಾಚೆಯ ಮೊದಲೆರಡು ಅಂಕಿ ನೋಡಿ: ಒಂದು 14 ಮಿ.ಮೀ. ಬೋಲ್ಟಿನದು, ಇನ್ನೊಂದು 12 ಮಿ.ಮೀ.ದು. ಅಳತೆಯನ್ನು ನಂಬರಿನಲ್ಲೇ ಬರೆದಿಟ್ಟಿದ್ದಾರೆ! ಸುಝುಕಿಯಲ್ಲಿ 09, ಟೊಯೊಟಾದಲ್ಲಿ 90ರಿಂದ ಶುರುವಾಗುವುದು ಬೋಲ್ಟು, ವಾಶರಿನಂಥ ಸಾಮಾನ್ಯ ಸಾಮಾನು, ಒಂದೇ ಗಾಡಿಗೆ ಕಟ್ಟಿಹಾಕಿದ್ದಲ್ಲ. ಇದು ಗೊತ್ತಾದ ಮೇಲೆ ನಾನು ಗಾಡಿಗೊಂದು ವಾಶರ್ ಡಬ್ಬಿ ಇಡುವುದು ಬಿಟ್ಟೆ.

ಆದರೆ ನೋಟ್‌ಬುಕ್ ತುಂಬಿತೆಂದು ಜಂಬ ಬಂದ ಕೂಡಲೇ ಪೆಟ್ಟೂ ಬಿತ್ತು. ಮಾಡೆಲ್ ಕೋಡ್ ಹೇಳುವುದು ಆ ಸಾಮಾನು ಮೊದಲು ಯಾವ ಗಾಡಿಗಾಗಿ ಹುಟ್ಟಿತು ಎಂಬುದನ್ನು. ಆಮೇಲೆ ಅದು ಬೇರೆ ನಾಲ್ಕು ಗಾಡಿಗೂ ಹೋಗಿರಬಹುದು. ‘ಇದು ನಿಮ್ಮ ಗಾಡಿಯದಲ್ರೀ’ ಎಂದು ಸರಿಯಾದ ಮಾಲನ್ನೇ ಗಿರಾಕಿಯ ಕೈಯಿಂದ ಕಸಿದಿಟ್ಟುಕೊಂಡಿದ್ದೇನೆ. ಕಡೆಯ ಅಂಕಿಗಳಂತೂ ಇನ್ನೂ ಕಳ್ಳ. ಹುಂಡೈ ಆಯಿಲ್ ಫಿಲ್ಟರ್ 26300-35503 ಕೇಳಿದರೆ 35504 ಬಂತು, ಆಮೇಲೆ 35505. ನಂಬರ್ ಸೂಪರ್‌ಸೀಡ್ ಆಗಿದೆ, ಅಂದರೆ ಹಳೇ ನಂಬರಿನ ಬದಲು ಹೊಸದು ಬಂದಿದೆ ಅಷ್ಟೇ, ಕೂಡುವ ಜಾಗ ಅದೇ. ಆದರೆ ಬಂಪರಿನಲ್ಲಿ ಅದೇ ಕಡೆಯ ಅಂಕಿಯ ವ್ಯತ್ಯಾಸ ಫಾಗ್ ಲ್ಯಾಂಪಿನ ತೂತು ಇದೆಯೋ ಇಲ್ಲವೋ ಎಂಬುದಾಗಿರಬಹುದು. ಒಂದು ಕಡೆ ಏನೂ ಅಲ್ಲ, ಇನ್ನೊಂದು ಕಡೆ ಆರು ಸಾವಿರದ ಜಗಳ. ಹಾಗಾಗಿ ಈಗ ಆರ್‌ಸಿ ಫೋಟೋ ಇಲ್ಲದೆ ದೊಡ್ಡ ಮಾಲು ತರಿಸುವುದಿಲ್ಲ. ಚೆಸ್ಸಿ ನಂಬರಿನ 17 ಅಕ್ಷರವೂ ಬೇಕು. ಎಂಎ3 ಅಂತ ಶುರುವಾದರೆ ಮಾರುತಿ, ಎಂಎಎಲ್ ಅಂದರೆ ಹುಂಡೈ. ಅದರಲ್ಲಿ ಐ, ಓ, ಕ್ಯೂ ಅಕ್ಷರ ಬಳಸುವುದೇ ಇಲ್ಲ. ಮಿಸ್ತ್ರಿ ‘ಓ’ ಬರೆದು ಕಳಿಸಿದರೆ ನಾನು ಕೇಳದೇ ಸೊನ್ನೆ ಹೊಡೆಯುತ್ತೇನೆ.

ಸಾಮಾನಿನ ಮೈಮೇಲೆ ಇರುವ ಎಲ್ಲ ಅಂಕಿಯೂ ಪಾರ್ಟ್ ನಂಬರ್ ಅಲ್ಲ. ಒಂದು ಸಲ ಎರಕದ ಹೌಸಿಂಗ್ ಮೇಲೆ ಉಬ್ಬಿದ್ದ ನಂಬರನ್ನು ಮೂರು ದಿನ ಹುಡುಕಿದೆ, ಎಲ್ಲೂ ಇಲ್ಲ. ನಮ್ಮ ಓಣಿಯ ಕಾಕಾ ಒಬ್ಬರು ಉದ್ಯಮಬಾಗದ ಫೌಂಡ್ರಿಯಲ್ಲಿ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ ಮಾಡುವವರು. ಸಾಮಾನನ್ನು ಕೈಗೆ ತಗೊಂಡು, ಹೆಬ್ಬೆರಳಿಂದ ಆ ಉಬ್ಬು ಸವರಿ, “ಇದು ಪ್ಯಾಟರ್ನಿನ ನಂಬರ್ ಐತಿ ತಮ್ಮಾ. ಇದ್ರಾಗ ತೂತ ಬ್ಯಾರೆ ಬ್ಯಾರೆ ಹೊಡದ್ರ ಎರಡು ಪಾರ್ಟ್ ಆಗ್ತಾವ. ಮಶೀನಿಂಗ್ ಆದಮ್ಯಾಲ ಪಂಚ್ ಮಾಡಿದ್ದೋ, ಚೀಟಿ ಹಚ್ಚಿದ್ದೋ ನೋಡು” ಅಂದರು. ತಿರುವಿ ನೋಡಿದರೆ ಎಣ್ಣೆ ಜಿಡ್ಡಿನಡಿ ಪಂಚ್ ಇತ್ತು, ಬೇರೆಯದೇ ನಂಬರ್. ಬೆಳಗಾವಿಯಲ್ಲಿ ಇಷ್ಟು ಫೌಂಡ್ರಿ ಇಟ್ಟುಕೊಂಡು ನಾನು ಮೂರು ದಿನ ಕಂಪ್ಯೂಟರ್ ಕುಟ್ಟಿದೆನಲ್ಲ!

ಹೊಸ ಹುಡುಗನೊಬ್ಬ ಮೊನ್ನೆ ಬಂಪರಿನ ಒಳಗಡೆಯ ಫೋಟೋ ಕಳಿಸಿ ‘ಅಣ್ಣಾ, ನಂಬರ್ ಸಿಕ್ಕಿತು’ ಅಂದ. ನೋಡಿದರೆ ಪಿಪಿ-ಟಿಡಿ20. ಅದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್ ಪುಡಿ ಅಂತ ಅರ್ಥ. ನಕ್ಕೆ, ಆದರೆ ಬೈಯಲಿಲ್ಲ.

ಇನ್ನು ಡಬ್ಬಿ ಮೇಲೆ ನಂಬರ್ ಸರಿ ಇದೆ ಎಂದ ಮಾತ್ರಕ್ಕೆ ಮಾಲು ಒರಿಜಿನಲ್ ಅಲ್ಲ. ನಂಬರ್ ಯಾರು ಬೇಕಾದರೂ ಅಚ್ಚು ಹಾಕಬಹುದು. ಡೂಪ್ಲಿಕೇಟ್ ಗುರುತಿಸುವುದು ಬೇರೆಯದೇ ವಿದ್ಯೆ.

ಆ ಬೈಲಹೊಂಗಲದ ಡೂಮ್ ಎಂಟು ತಿಂಗಳು ರ‍್ಯಾಕಿನಲ್ಲಿ ಧೂಳು ತಿಂತಾ ಕೂತಿತ್ತು. ಮಳೆಗಾಲದಲ್ಲಿ ಖಾನಾಪುರ ಕಡೆಯವರೊಬ್ಬರು ಐ10 ತಗೊಂಡು ಬಂದರು, ಎಮ್ಮೆ ಅಡ್ಡ ಬಂದಿತ್ತಂತೆ. ಡೂಮ್ ಅಂದರು. ನಾನು ಕೌಂಟರ್ ಬಿಟ್ಟು ಹೊರಗೆ ಹೋಗಿ, ಗಾಡಿಯ ಬಾಗಿಲು ತೆಗೆಸಿ, ಸೀಟಿನಲ್ಲಿ ಕೂತು ಮುಂದೆ ನೋಡಿದೆ. ಒಡೆದದ್ದು ಕ್ಲೀನರ್ ಸೈಡಿಂದು.